‘ಲ್ಯಾಟ್ರೋಸಿನಿಯಂ’ ಎಂದರೆ ಬರೀ ದರೋಡೆಯೇ?

ಲ್ಯಾಟಿನ್ ಭಾಷೆಯ ‘ಲ್ಯಾಟ್ರೋಸಿನಿಯಂ’ ಪದಕ್ಕೆ ದರೋಡೆ, ಡಕಾಯಿತಿ ಎಂಬ ಅರ್ಥವಿದೆ. ಅದು ಸರಿ, ಆದರೆ ಅಷ್ಟೇ ಅಲ್ಲ.

ಮೊದಲಿದ್ದ ಅರ್ಥವೇನು?

ಇದು ‘ಲ್ಯಾಟ್ರೋ’ ಎಂಬ ಪದದಿಂದ ಬಂದಿದೆ. ಕ್ರಿ.ಪೂ. 200ರ ಸುಮಾರಿಗೆ ನಾಟಕಕಾರ ಪ್ಲಾಟಸ್ ಅದನ್ನು ಸಂಬಳಕ್ಕಾಗಿ ಯುದ್ಧ ಮಾಡುವ ಬಾಡಿಗೆ ಸೈನಿಕ ಎಂಬ ಅರ್ಥದಲ್ಲಿ ಬಳಸಿದ್ದಾನೆ. ಆಮೇಲೆ ಆಯುಧ ಹಿಡಿದು ದೋಚುವವರಿಗೆ ಈ ಹೆಸರು ಅಂಟಿತು. ಸದ್ದಿಲ್ಲದೆ ಕದಿಯುವ ಕಳ್ಳನಿಗೆ ‘ಫುರ್’ ಎಂಬ ಬೇರೆ ಪದವೇ ಇತ್ತು. ಯೇಸುವಿನ ಜೊತೆ ಶಿಲುಬೆಗೇರಿದ ಇಬ್ಬರನ್ನು ‘ಕಳ್ಳರು’ ಎನ್ನುವುದು ರೂಢಿ. ಆದರೆ ಲ್ಯಾಟಿನ್ ಬೈಬಲ್‌ನ ಮತ್ತಾಯನ ಸುವಾರ್ತೆಯಲ್ಲಿರುವುದು ‘ಲ್ಯಾಟ್ರೋನೆಸ್’, ಅಂದರೆ ದರೋಡೆಕೋರರು.

ಪದ ಬದಲಾದರೆ ಏನಾಗುತ್ತಿತ್ತು?

ರೋಮನ್ ಕಾನೂನು ಪಂಡಿತ ಉಲ್ಪಿಯನ್ ಪ್ರಕಾರ, ಅಧಿಕೃತವಾಗಿ ಯುದ್ಧ ಘೋಷಣೆಯಾಗಿದ್ದರೆ ಮಾತ್ರ ಎದುರಾಳಿ ‘ಶತ್ರು’. ಉಳಿದವರೆಲ್ಲ ದರೋಡೆಕೋರರು. ಶತ್ರುವಿಗೆ ಸೆರೆಸಿಕ್ಕ ರೋಮನ್ ಪ್ರಜೆ ಕಾನೂನಿನ ಕಣ್ಣಲ್ಲಿ ಗುಲಾಮನಾಗುತ್ತಿದ್ದ. ದರೋಡೆಕೋರರು ಹಿಡಿದೊಯ್ದರೆ ಅವನು ಸ್ವತಂತ್ರನಾಗಿಯೇ ಉಳಿಯುತ್ತಿದ್ದ. ಹಿಡಿದವರಿಗೆ ಯಾವ ಹೆಸರು ಎಂಬುದರ ಮೇಲೆ ಅವನ ಹಕ್ಕು ನಿಂತಿತ್ತು.

ದರೋಡೆಯೇ ಇಲ್ಲದ ಕಡೆಯೂ ಈ ಪದ!

ಕ್ರಿ.ಶ. 449ರಲ್ಲಿ ಎಫೆಸಸ್ ನಗರದಲ್ಲಿ ಕ್ರೈಸ್ತ ಧರ್ಮಗುರುಗಳ ಸಭೆ ನಡೆಯಿತು. ಅದರ ತೀರ್ಮಾನ ಒಪ್ಪದ ಪೋಪ್ ಒಂದನೇ ಲಿಯೋ, ಅದು ಸಭೆಯಲ್ಲ, ‘ಲ್ಯಾಟ್ರೋಸಿನಿಯಂ’ ಎಂದು ಜರಿದರು. ಅಲ್ಲಿ ಯಾರ ಗಂಟೂ ಕಳುವಾಗಿರಲಿಲ್ಲ. ಆ ಸಭೆಗೆ ಮಾನ್ಯತೆಯಿಲ್ಲ ಎಂಬುದೇ ಆ ಮಾತಿನ ಅರ್ಥ. 451ರಲ್ಲಿ ಕ್ಯಾಲ್ಸಿಡಾನ್‌ನಲ್ಲಿ ಸೇರಿದ ಸಭೆ ಆ ತೀರ್ಮಾನಗಳನ್ನು ರದ್ದು ಮಾಡಿತು.

ನೆನಪಿಡಿ: ಯಾರನ್ನೋ ‘ಡಕಾಯಿತ’ ಎನ್ನುವ ಫಾರ್ವರ್ಡ್ ಬಂದರೆ, ಮುಂದೆ ಕಳಿಸುವ ಮೊದಲು ಒಮ್ಮೆ ನೋಡಿ. ಅವರು ಏನು ಮಾಡಿದರು ಎಂದು ಅದರಲ್ಲಿದೆಯೇ? ಇಲ್ಲಾ, ಬರೀ ಹೆಸರಿಟ್ಟು ಬಿಟ್ಟಿದ್ದಾರೆಯೇ?