ಚರ್ಮಕ್ಕೆ ಶ್ರುತಿ ಕೊಟ್ಟ ಕಪ್ಪು ಬೊಟ್ಟು

ಕಛೇರಿ ಶುರುವಾಗುವ ಮುಂಚೆ ಮೃದಂಗದವರು ಕಲ್ಲು, ಮರದ ತುಂಡು ಹಿಡಿದು ಬಲಗಡೆಯ ಚರ್ಮದಂಚಿನ ಹೆಣಿಗೆಯ ಸುತ್ತ ಟಕಟಕ ಬಡಿಯುವುದನ್ನು ನೋಡಿರುತ್ತೀರಿ. ಒಂದೆಡೆ ಏಟು, ಬೆರಳಿನಿಂದ ಒಂದು ಮೀಟು, ತಂಬೂರಿಯತ್ತ ಕಿವಿ, ಮತ್ತೆ ಇನ್ನೊಂದೆಡೆ ಏಟು. ಗಾಯಕರ ಷಡ್ಜಕ್ಕೆ ಕೂಡುವ ತನಕ ಬಿಡುವುದಿಲ್ಲ. ಊರಹಬ್ಬದ ತಮಟೆಯನ್ನೂ ನೆನೆಸಿಕೊಳ್ಳಿ. ಬೆಂಕಿಗೆ ಹಿಡಿದು ಕಾಯಿಸಿದರೆ ಅದರ ಸದ್ದು ಬಿಗಿಯಾಗುತ್ತದೆ, ಮೈನವಿರೇಳಿಸುತ್ತದೆ. ಆದರೆ ಅದು ‘ಸ’ ಎನ್ನುವುದಿಲ್ಲ. ಬರಿಯ ಚರ್ಮಕ್ಕೆ ಹಾಗೆ ನುಡಿಯಲು ಬರುವುದೇ ಇಲ್ಲ.

ತಂತಿಗೆ ಬರುತ್ತದೆ. ವೀಣೆಯ ತಂತಿ ಮೀಟಿದಾಗ ಅದು ಇಡಿಯಾಗಿ ಕಂಪಿಸುತ್ತದೆ. ಜೊತೆಜೊತೆಗೇ ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕು ಪಾಲಾಗಿಯೂ ಕಂಪಿಸುತ್ತದೆ. ಮೂಲಸ್ವರ ಸೆಕೆಂಡಿಗೆ 100 ಕಂಪನವಾದರೆ ಅದರ ಉಪಸ್ವರಗಳು 200, 300, 400. ಹೀಗೆ ಲೆಕ್ಕ ಕೂಡಿಬಂದಾಗ ಕಿವಿ ಅವನ್ನೆಲ್ಲ ಒಟ್ಟುಮಾಡಿ ಒಂದೇ ಸ್ವರವಾಗಿ ಕೇಳುತ್ತದೆ. ದುಂಡಗೆ ಬಿಗಿದ ಚರ್ಮದಲ್ಲಿ 100ರ ನಂತರ ಬರುವುದು 159, ಆಮೇಲೆ 214, 230, 265. ಒಂದಕ್ಕೊಂದು ನಂಟಿಲ್ಲದ ಈ ಸಂಖ್ಯೆಗಳನ್ನು ಕಿವಿ ಕೂಡಿಸಲಾರದು. ಅದಕ್ಕೇ ಸದ್ದು ಕೇಳುತ್ತದೆ, ಸ್ವರ ಸಿಗುವುದಿಲ್ಲ.

ಮೃದಂಗದ ಬಲಗಡೆ ನಡುವಿನಲ್ಲಿರುವ ಕಪ್ಪು ಬೊಟ್ಟು, ಅಂದರೆ ಕರಣೆ, ಈ ಲೆಕ್ಕವನ್ನು ತಿದ್ದುತ್ತದೆ. ಚರ್ಮ ಇಡಿಯಾಗಿ ಮೇಲೆ ಕೆಳಗೆ ಆಡುವಾಗ ಅತಿ ಹೆಚ್ಚು ಅಲುಗುವುದು ನಡುಭಾಗ. ಅಲ್ಲಿ ಭಾರ ಹೇರಿದರೆ ಆ ಕಂಪನ ನಿಧಾನವಾಗುತ್ತದೆ, ಮೂಲಸ್ವರ ಕೆಳಗಿಳಿಯುತ್ತದೆ. ಚರ್ಮ ಎರಡು ಹೋಳಾಗಿ, ಒಂದರ್ಧ ಮೇಲೆ ಇನ್ನರ್ಧ ಕೆಳಗೆ ಆಡುವಾಗಲೋ ನಡುವಿನ ಗೆರೆ ಅಲುಗುವುದೇ ಇಲ್ಲ. ಭಾರ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಹೀಗೆ ಒಂದು ಬಹಳ ಇಳಿದು ಇನ್ನೊಂದು ಕೊಂಚವೇ ಇಳಿದಾಗ ಇವೆರಡರ ನಡುವಿನ ಅಂತರ ಹಿಗ್ಗುತ್ತದೆ. 1.59 ಪಟ್ಟು ಇದ್ದದ್ದು 2 ಪಟ್ಟಿಗೆ ಬಂದು ನಿಲ್ಲುತ್ತದೆ. ಬೊಟ್ಟಿನ ಅಗಲ, ದಪ್ಪ ಹದವಾಗಿದ್ದರೆ ಉಳಿದವೂ ಸಾಲಿಗೆ ಬರುತ್ತವೆ.

ಇದನ್ನು ವಿಜ್ಞಾನದ ಕಣ್ಣಿಗೆ ತಂದವರು ಸಿ.ವಿ. ರಾಮನ್. 1920ರಲ್ಲಿ, ಕೋಲ್ಕತ್ತದಲ್ಲಿದ್ದಾಗ, ಶಿವಕಾಲಿ ಕುಮಾರ್ ಅವರ ಜೊತೆ ‘ನೇಚರ್’ ಪತ್ರಿಕೆಗೆ ಬರೆದರು. ನೊಬೆಲ್ ಬಂದು, ಬೆಂಗಳೂರಿಗೆ ನೆಲೆ ಬದಲಿಸಿದ ಮೇಲೂ ಮೃದಂಗವನ್ನು ಮರೆಯದೆ 1934ರಲ್ಲಿ ವಿಸ್ತಾರವಾದ ಪ್ರಬಂಧ ಪ್ರಕಟಿಸಿದರು. ಅವರ ಉಪಾಯ ನನಗೆ ತುಂಬ ಇಷ್ಟ: ಚರ್ಮದ ಮೇಲೆ ನಯವಾದ ಮರಳು ಉದುರಿಸಿ ನುಡಿಸುವುದು. ಅಲುಗುವ ಜಾಗದಿಂದ ಮರಳು ಹಾರಿ, ಅಲುಗದ ಗೆರೆಗಳಲ್ಲಿ ಹೋಗಿ ಕೂರುತ್ತದೆ. ಕಂಪನ ರಂಗೋಲಿಯಾಗಿ ಕಣ್ಣಿಗೆ ಬೀಳುತ್ತದೆ. ಚರ್ಮದ ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಲ್ಲಿ ಒಗ್ಗೂಡಿರುವುದು ಹೀಗೆ ತಿಳಿಯಿತು. ಆ ಐದೂ 1, 2, 3, 4, 5 ಎಂಬ ಸಾಲಿನಲ್ಲಿದ್ದವು, ತಂತಿಯಲ್ಲಿ ಇರುವ ಹಾಗೆಯೇ.

ಮೃದಂಗದಲ್ಲಿ ‘ನಂ’ ಎಂಬ ಏಟು ನುಡಿಸುವ ಕೈಯನ್ನು ಹತ್ತಿರದಿಂದ ನೋಡಿ. ಉಂಗುರ ಬೆರಳು ಕರಣೆಯ ಅಂಚಿಗೆ ಹಗುರವಾಗಿ ತಾಗಿರುತ್ತದೆ, ತೋರುಬೆರಳು ಚರ್ಮದ ಹೊರ ಅಂಚಿನಲ್ಲಿ ಮೀಟುತ್ತದೆ. ತಾಗಿದ ಬೆರಳು ಇಡಿಯ ಚರ್ಮದ ಆಟವನ್ನು ತಡೆಯುತ್ತದೆ. ಎರಡು ಹೋಳಿನ ಆಟ ತನ್ನ ಅಲುಗದ ಗೆರೆಯನ್ನು ಆ ಬೆರಳಿನಡಿಗೇ ತಂದುಕೊಂಡು ನುಡಿಯುತ್ತದೆ. ಷಡ್ಜವೆಂದು ನಾವು ಕೇಳುವುದು ಅದನ್ನೇ.

ಇಷ್ಟೆಲ್ಲ ಸಮೀಕರಣ ಕರಣೆ ಹಾಕುವವರ ಅಂಗೈಯಲ್ಲಿ ಮೊದಲಿನಿಂದಲೂ ಇತ್ತು. ಅನ್ನದ ಅಂಟಿನಲ್ಲಿ ಕಪ್ಪು ಕಲ್ಲಿನ ಪುಡಿ ಕಲಸಿ, ತೆಳ್ಳಗೆ ಬಳಿದು, ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ಮತ್ತೊಂದು ಪದರ, ಮತ್ತೆ ಉಜ್ಜುವುದು. ನಡುವೆ ದಪ್ಪ, ಅಂಚಿಗೆ ತೆಳು. ಉಜ್ಜಿದಂತೆ ಒಣಗಿದ ಪದರದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಮೂಡುತ್ತವೆ. ಅವು ದೋಷವಲ್ಲ. ಬಿರುಕಿಲ್ಲದಿದ್ದರೆ ಕರಣೆ ಗಟ್ಟಿ ಬಿಲ್ಲೆಯಾಗಿ ಚರ್ಮವನ್ನು ಹಿಡಿದುಬಿಡುತ್ತದೆ. ಬಿರುಕಿದ್ದರೆ ಭಾರವೂ ಉಳಿದು ಚರ್ಮ ಬಾಗಲೂ ಬರುತ್ತದೆ. ಒಂದೊಂದು ಪದರಕ್ಕೂ ಅವರು ಬೆರಳಿನಿಂದ ಮೀಟಿ ಕೇಳುತ್ತಾರೆ. ನಾದ ಕೂಡಿತೆನಿಸಿದಾಗ ಬಳಿಯುವುದನ್ನು ನಿಲ್ಲಿಸುತ್ತಾರೆ.