ನಗುವವರ ಸಂಖ್ಯೆ ಮತ್ತು ಗೆಳೆತನದ ಬಲ

ಅರಸೀಕೆರೆಯೆಂದೊಡನೆ ಹಾಸನ ಜಿಲ್ಲೆಯ ರೈಲು ಜಂಕ್ಷನ್ನನ್ನೇ ನೆನೆಯುವುದು ಒಂದು ಸಣ್ಣ ತಪ್ಪು. ಹರಪನಹಳ್ಳಿ ತಾಲ್ಲೂಕಿನಲ್ಲಿಯೂ ಆ ಹೆಸರಿನ ಊರೊಂದುಂಟು. ಆದರೆ ಎಲ್ಲೆಡೆಯಂತೆ ಈ ಸೀಮೆಯಲ್ಲಿಯೂ ಹಿರಿಯರ ಬಾಯಲ್ಲಿ ನೆಲೆಗೊಂಡಿರುವ ಇನ್ನೊಂದು ನಂಬಿಕೆ ಅಷ್ಟು ನಿರಪಾಯಕರವಾದುದಲ್ಲ. ತಾಂಡಾದಿಂದ ಬರುವ ಲಂಬಾಣಿ ಬಾಲಕಿಯೂ ಊರೊಳಗಣ ಬಾಲಕಿಯೂ ಶಾಲೆಯ ಒಂದೇ ಬೆಂಚಿನಲ್ಲಿ ಕುಳಿತು ಗೆಳತಿಯರಾದರೆ, "ಇದೆಷ್ಟು ದಿನದ ಮಾತು? ಹತ್ತು ಹುಡುಗರು ಸೇರಿ ನಕ್ಕರೆ ತಾವೇ ದೂರವಾಗುತ್ತಾರೆ" ಎಂದು ನಿಶ್ಚಿಂತೆಯಿಂದ ನುಡಿದುಬಿಡುವ ಹಿರಿಯರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಗುಂಪಿನ ಒತ್ತಡ ಸುಳ್ಳೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ ಕಾಲೇಜು ತರುಣರ ಮುಂದೆ ಗೆರೆಗಳನ್ನಿರಿಸಿ, ಇವುಗಳಲ್ಲಿ ಸಮಾನ ಉದ್ದದವು ಯಾವುವೆಂದು ಕೇಳಿ, ಮೊದಲೇ ಹೇಳಿಕೊಟ್ಟಿದ್ದ ಜೊತೆಗಾರರಿಂದ ಒಕ್ಕೊರಲಿನ ತಪ್ಪುತ್ತರವನ್ನು ಕೊಡಿಸಿದಾಗ, ಪರೀಕ್ಷೆಗೊಳಗಾದವರ ಉತ್ತರಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಗುಂಪಿನ ದಾರಿಯನ್ನೇ ಹಿಡಿದವು. ಜನರು ಇಷ್ಟನ್ನು ಓದಿ ಪುಸ್ತಕವನ್ನು ಮುಚ್ಚಿಬಿಡುತ್ತಾರೆ. ಮುಂದಿನ ಪುಟಗಳಲ್ಲಿರುವುದೇ ಮುಖ್ಯ: ಸುಮಾರು ಕಾಲುಭಾಗದಷ್ಟು ಜನ ಒಂದು ಸಲವೂ ಮಣಿಯಲಿಲ್ಲ, ಎದುರಾಳಿಗಳು ಮೂವರಾಗುವಷ್ಟರಲ್ಲಿ ಒತ್ತಡ ತನ್ನ ಪೂರ್ಣಬಲವನ್ನು ಪಡೆದು, ಅಲ್ಲಿಂದಾಚೆಗೆ ಸಂಖ್ಯೆ ಏರಿದರೂ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ, ಸರಿಯುತ್ತರ ಹೇಳುವ ಒಬ್ಬನೇ ಒಬ್ಬ ಸಂಗಾತಿ ಪಕ್ಕದಲ್ಲಿದ್ದಾಗಲಂತೂ ಮಣಿದು ತಪ್ಪುವುದು ಮೊದಲಿನ ಕಾಲುಭಾಗಕ್ಕೆ ಇಳಿಯಿತು. ಗೆರೆಯನ್ನಳೆಯುವುದು ಬೇರೆ, ಗೆಳೆತನವನ್ನು ಉಳಿಸಿಕೊಳ್ಳುವುದು ಬೇರೆ, ನಿಜ. ಆದರೂ ನಗುವವರನ್ನು ಎಣಿಸುತ್ತ ಕುಳಿತವರು, ಗೆಳತಿಯರು ಇಬ್ಬರಿದ್ದಾರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ.

"ಸ್ನೇಹ ಸಮಾನರಲ್ಲಿ ಮಾತ್ರ" ಎಂಬುದು ಅವರ ಎರಡನೆಯ ಆಧಾರ. ಬಯಲಾಟದಲ್ಲಿ ಕರ್ಣನನ್ನು ಕಂಡು ಕಣ್ಣೊರೆಸಿಕೊಂಡವರೇ ಮರುದಿನ ಈ ಮಾತನ್ನಾಡುವುದು ಹೇಗೆ ಸಾಧ್ಯವೋ ನಾನರಿಯೆ. ತುಂಬಿದ ರಂಗದಲ್ಲಿ ಸೂತಪುತ್ರನೆಂದು ಜರೆಯಿಸಿಕೊಂಡವನನ್ನು ಅದೇ ರಂಗದಲ್ಲಿ ಅಂಗರಾಜ್ಯಕ್ಕೆ ಒಡೆಯನನ್ನಾಗಿ ಮಾಡಿದವನು ದುರ್ಯೋಧನ. ತಾನು ಕುಂತಿಯ ಮಗನೆಂದು ಕೃಷ್ಣನಿಂದ ತಿಳಿದ ಮೇಲೆಯೂ ಆ ಗೆಳೆಯನನ್ನು ತೊರೆಯಲೊಲ್ಲದವನು ಕರ್ಣ. ಕ್ರಿ.ಶ. 941ರ ಸುಮಾರಿಗೆ ಪಂಪನು 'ವಿಕ್ರಮಾರ್ಜುನ ವಿಜಯ'ವನ್ನು ಬರೆದುದು ಅರ್ಜುನನನ್ನು ನಾಯಕನನ್ನಾಗಿಸಿ. ಆದರೂ ಈ ಸ್ನೇಹವನ್ನು ಆತ ಕುಗ್ಗಿಸಲಿಲ್ಲ.

ಲಂಬಾಣಿ ನುಡಿ ಕೆಟ್ಟ ಕನ್ನಡವೆಂದು ಅಣಕಿಸುವವರು ತಿಳಿಯಬೇಕಾದುದಿಷ್ಟು: ಅದು ಕನ್ನಡವೇ ಅಲ್ಲ, ರಾಜಸ್ಥಾನಿಗೆ ಹತ್ತಿರದ ಆರ್ಯಭಾಷೆ, ಮನೆಯಲ್ಲೊಂದು, ಶಾಲೆಯಲ್ಲೊಂದು ನುಡಿಯಾಡುವ ಆ ಬಾಲಕಿ ನಗುವವರಿಗಿಂತ ಒಂದು ಭಾಷೆ ಹೆಚ್ಚು ಬಲ್ಲವಳು. ಹೀಗೆಯೇ ಬಾಯಿಂದ ಬಾಯಿಗೆ ಬಂದ, ನಾಯಿ ಬೆಕ್ಕುಗಳದು ಹುಟ್ಟುಹಗೆತನವೆಂಬ ಮಾತೂ ಸುಳ್ಳು. ಎಳವೆಯ ಮೊದಲ ವಾರಗಳಲ್ಲಿ ಕೂಡಿ ಬೆಳೆದವು ಒಂದೇ ಗೋಣಿಯ ಮೇಲೆ ಮಲಗುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಕಣ್ಣೆದುರಿನ ಸಾಕ್ಷ್ಯವನ್ನು ಬದಿಗೊತ್ತಿ, ಅಜ್ಜನು ಹೇಳಿದನೆಂಬ ಒಂದೇ ಕಾರಣಕ್ಕೆ ಮಾತನ್ನು ಪ್ರಮಾಣವಾಗಿ ಹಿಡಿಯುವ ಈ ಅಭ್ಯಾಸವು ನಮ್ಮ ಜನದಲ್ಲಿ ಬಹಳ ಆಳವಾಗಿ ಇಳಿದಿದೆ.

ಆಶ್ ಇನ್ನೊಂದನ್ನೂ ಪರೀಕ್ಷಿಸಿದ್ದನು. ಸರಿಯುತ್ತರ ಹೇಳುತ್ತಿದ್ದ ಸಂಗಾತಿಯು ನಡುವೆ ಗುಂಪಿನ ಕಡೆಗೆ ಸೇರಿಕೊಂಡೊಡನೆ, ಉಳಿದವನ ತಪ್ಪುಗಳು ಮತ್ತೆ ಮೊದಲಿನಷ್ಟೇ ಏರಿದವು. ತರಗತಿಯ ಗಲಾಟೆ ಅಡಗಲೆಂದು ಆ ಇಬ್ಬರು ಬಾಲಕಿಯರನ್ನು ಬೇರೆ ಬೇರೆ ಬೆಂಚುಗಳಿಗೆ ಕಳುಹಿಸುವ ಅಧ್ಯಾಪಕರೂ, "ನಿನಗೇಕೆ ಬೇಕಮ್ಮಾ ಈ ಉಸಾಬರಿ" ಎಂದು ಮಗಳನ್ನು ಹಿಂದಕ್ಕೆಳೆಯುವ ತಾಯಿಯೂ ನಗುವವರನ್ನು ತಡೆದಂತಾಗಲಿಲ್ಲ. ನಗೆಯನ್ನು ತಾಳಿಕೊಳ್ಳಲು ಆ ಮಕ್ಕಳಿಗಿದ್ದ ಒಂದೇ ಆಸರೆಯನ್ನು ತೆಗೆದಂತಾಯಿತು.