ಬಾಯಲ್ಲಿ ಕರಗುವ ಮಟನ್ ಸ್ಟ್ಯೂ

ಈಗಿನ ಮಟನ್ ರೇಟ್ ಕೇಳಿದರೇ ಎದೆ ಧಸಕ್ಕೆನ್ನುತ್ತೆ. ಅಷ್ಟು ದುಡ್ಡು ಕೊಟ್ಟು ತಂದದ್ದು ರಬ್ಬರಿನಂತಾಗಿ, ಅತ್ತೆ-ಮಾವ ಅಗಿಯಲಾರದೆ ತಟ್ಟೆಯ ಅಂಚಿಗೆ ಸರಿಸಿದರೆ ಹೇಗಿರುತ್ತೆ ಹೇಳಿ? ಈ ಭಾನುವಾರ ಕೇರಳದ ಸ್ಟ್ಯೂ ಮಾಡಿ ನೋಡಿ. ಅಲ್ಲಿನವರು ಇದನ್ನು ‘ಇಷ್ಟು’ ಅಂತಾರೆ. ಹೆಸರು ಇಷ್ಟೇ, ರುಚಿ ಮಾತ್ರ ಅಷ್ಟಿಷ್ಟಲ್ಲ!

ಮೂಳೆ ಸಮೇತ ಮುಂಗಾಲಿನ ಮಾಂಸ ಅರ್ಧ ಕೆ.ಜಿ. ತನ್ನಿ. ಇದರಲ್ಲಿರುವ ಬಿಳಿ ಪೊರೆ ನಿಧಾನವಾಗಿ ಬೆಂದಾಗ ಕರಗಿ ಜೆಲಟಿನ್ ಆಗುತ್ತದೆ. ತುಂಡು ಮೆತ್ತಗಾಗುವುದು, ರಸ ಮಂದವಾಗುವುದು ಇದರಿಂದಲೇ.

ಕುಕ್ಕರಿನಲ್ಲಿ 2 ಚಮಚ ಕೊಬ್ಬರಿ ಎಣ್ಣೆಗೆ ಚಕ್ಕೆ, ಲವಂಗ, ಏಲಕ್ಕಿ, 2 ಈರುಳ್ಳಿ, ಶುಂಠಿ, 4 ಹಸಿಮೆಣಸು, ಕರಿಬೇವು ಹಾಕಿ. ಈರುಳ್ಳಿ ಕೆಂಪಗಾಗದಂತೆ ಬಾಡಿಸಿ. ಮಾಂಸ, ಉಪ್ಪು, 1 ಕಪ್ ನೀರು ಹಾಕಿ, ಒಂದು ಸೀಟಿಯಾದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ. ಆವಿ ತಾನಾಗಿ ಇಳಿಯಲಿ. ಒಂದು ತುಂಡು ಹಿಸುಕಿ ನೋಡಿ, ಗಟ್ಟಿಯಿದ್ದರೆ ಇನ್ನೊಂದೈದು ನಿಮಿಷ ಇಡಿ.

ಆಮೇಲೆ 2 ಆಲೂಗೆಡ್ಡೆ, 1 ಕ್ಯಾರೆಟ್ ಹೆಚ್ಚಿ ಹಾಕಿ, 2 ಕಪ್ ತೆಳು ತೆಂಗಿನಹಾಲಿನಲ್ಲಿ ಬೇಯಿಸಿ. ತರಕಾರಿ ಮೊದಲೇ ಹಾಕಿದರೆ ಕರಗಿಹೋಗುತ್ತೆ. ಕೊನೆಗೆ 1 ಕಪ್ ಗಟ್ಟಿ ಹಾಲು, ಕುಟ್ಟಿದ ಕಾಳುಮೆಣಸು ಸೇರಿಸಿ, ಕುದಿ ಬರುವ ಮುಂಚೆಯೇ ಒಲೆ ಆರಿಸಿ. ಕುದಿಸಿದರೆ ಹಾಲು ಒಡೆಯುತ್ತೆ, ಜೋಕೆ!

ಅಪ್ಪಂ, ದೋಸೆ, ಬ್ರೆಡ್ ಯಾವುದಕ್ಕೂ ಸೈ. ತೆಂಗಿನಹಾಲು ಬೇಗ ಹಳಸುತ್ತೆ. ಉಳಿದದ್ದನ್ನು 2 ಗಂಟೆಯೊಳಗೆ ಫ್ರಿಜ್ಜಿಗಿಡಿ, ಬೇಕಾದಷ್ಟನ್ನೇ ಬಿಸಿ ಮಾಡಿ.